ಧನುಗೆ ಯಾವ ಗೇಮ್ ಒಳ್ಳೆಯದು

ನಲ್ಲೂರು
12-11-2025, ಬುಧವಾರ

ನನ್ನ ಮುದ್ದಿನ ಧನು,

ಹೇಗಿದ್ದೀಯ ಮಗಳೇ? ಶಾಲೆಯ ಮೆಟ್ಟಿಲಲ್ಲಿ ಜಾರಿ ಉಳುಕಿದ ಕಾಲು ಈಗ ನೆಟ್ಟಗಾಯಿತೇ? ಬಿಳಿಚೋಡಿನ ಕಡೆ ಬೆಳಗಿನ ಚಳಿ ಜೋರು, ಬಸ್ಸಿಗೆ ನಿಲ್ಲುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ನಿಮ್ಮಮ್ಮನಿಗೆ ಅಂಗನವಾಡಿ ಕೆಲಸ ಒಗ್ಗಿತೇ? ಅವಳಿಗೆ ಮೊದಲಿಂದಲೂ ಸೊಂಟನೋವು, ಮಕ್ಕಳನ್ನು ಎತ್ತಿಕೊಳ್ಳುವಾಗ ಜೋಪಾನ ಎಂದು ಹೇಳು. ಇಲ್ಲಿ ನಾನೂ ನಿನ್ನ ಅಜ್ಜಿಯೂ ಕ್ಷೇಮ. ನನ್ನ ಗಂಟಲಿನ ಆಪರೇಷನ್ ಆಗಿ ಆರು ತಿಂಗಳಾದರೂ ದನಿ ಮರಳಿಲ್ಲ. ಇನ್ನು ಮರಳುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನನ್ನ ಮಾತು ನಿಂತ ಮೇಲೆ ಮನೆ ತಣ್ಣಗಾಗಿದೆ ಎಂದು ನಿನ್ನ ಅಜ್ಜಿ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಾಳೆ. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಾಳೆ.

ಹೋದ ವಾರ ನೀನು ಫೋನ್ ಮಾಡಿದಾಗ ಎಂದಿನಂತೆ ಹೌದು ಅನ್ನಲು ಒಂದು ಸಲ, ಇಲ್ಲ ಅನ್ನಲು ಎರಡು ಸಲ ಫೋನಿನ ಬೆನ್ನು ತಟ್ಟುತ್ತ ಕೂತಿದ್ದೆ. ಆಗ ನೀನು, “ಅಜ್ಜಾ, ಹುಟ್ಟುಹಬ್ಬಕ್ಕೆ ಅಮ್ಮ ಒಂದೇ ಗೇಮ್ ಕೊಡ್ಸೋದಂತೆ. ನಿಯಾನ್ ಲೇನ್ ತಗಳ್ಲಾ, ಡ್ರಮ್ ಪರೇಡ್ ತಗಳ್ಲಾ? ನೀನು ಮೂವತ್ತು ವರ್ಷ ಬ್ಯಾಂಡ್‌ಸೆಟ್ಟಿನಾಗೆ ಡ್ರಮ್ ಬಾರಿಸಿದೋನು, ನೀನೇ ಹೇಳು” ಎಂದೆ. ಈ ಪ್ರಶ್ನೆಗೆ ಫೋನ್ ತಟ್ಟಿ ಉತ್ತರ ಹೇಳುವುದು ಹೇಗೆ? ಅದಕ್ಕೇ ಈ ಕಾಗದ. ನೋಡದೆ ಹೇಳುವುದು ನನ್ನ ಜಾಯಮಾನವಲ್ಲ, ಹಾಗಾಗಿ ಸೋಮವಾರ ಚನ್ನಗಿರಿಗೆ ಹೋಗಿ ಅಲ್ಲಿಂದ ಹೊನ್ನಾಳಿ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಅನ್ನಪೂರ್ಣ ಎಂಬಾಕೆ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಟಿವಿ ಇಟ್ಟು ಗೇಮ್ ಆಡಿಸುತ್ತಾಳೆ, ಬೇಕಾದವರಿಗೆ ತರಿಸಿಯೂ ಕೊಡುತ್ತಾಳೆ. ಜೇಬಿನ ಪುಸ್ತಕದಲ್ಲಿ ಬರೆದು ತೋರಿಸಿದೆ: ‘ಮೊಮ್ಮಗಳಿಗೆ. ಎರಡೂ ಆಡಿ ನೋಡಬೇಕು.’ ಆಕೆ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದಳು.

ಮೊದಲು ನಿಯಾನ್ ಲೇನ್. ನಾಲ್ಕು ಬಣ್ಣದ ದಾರಿ, ಅವುಗಳಲ್ಲಿ ಮಣಿಗಳು ಇಳಿದು ಬರುತ್ತವೆ, ಗೆರೆ ಮುಟ್ಟುವ ಕ್ಷಣಕ್ಕೆ ಅದೇ ಬಣ್ಣದ ಗುಂಡಿ ಒತ್ತಬೇಕು. ತಾಳಕ್ಕೆ ಸರಿಯಾಗಿಯೇ ಒತ್ತುತ್ತಿದ್ದೆ, ಆದರೂ ಪರದೆಯ ಮೇಲೆ ‘ಮಿಸ್’ ಎಂದೇ ಬೀಳುತ್ತಿತ್ತು. ವಯಸ್ಸಾಯಿತು, ಕೈ ಹೋಯಿತು ಅಂದುಕೊಂಡೆ. ಮತ್ತೊಮ್ಮೆ ಒಂದು ಹಾಡು ಹಾಕಿಸಿಕೊಂಡು, ಆಡದೆ ಬರೀ ಗಮನಿಸಿದೆ. ಮಣಿ ಗೆರೆ ಮುಟ್ಟಿದ ಮೇಲೆ, ಕಣ್ಣು ಮಿಟುಕಿಸುವಷ್ಟು ತಡವಾಗಿ ಸ್ಪೀಕರಿನಿಂದ ಸದ್ದು ಬರುತ್ತಿತ್ತು. ‘ಚಿತ್ರ ಮುಂದೆ, ಸದ್ದು ಹಿಂದೆ’ ಎಂದು ಬರೆದು ಕೊಟ್ಟೆ. ಅನ್ನಪೂರ್ಣ ಸೆಟ್ಟಿಂಗಿಗೆ ಹೋಗಿ ಎರಡನ್ನೂ ಹೊಂದಿಸಿದಳು. “ಎರಡು ತಿಂಗಳಿಂದ ಬಂದೋರೆಲ್ಲ ತಮ್ಮ ಕೈನೇ ಬೈಕಂಡು ಹೋಗ್ತಿದ್ರು ಅಜ್ಜಾರೆ” ಎಂದಳು. ನೀನು ಯಾವ ಗೇಮ್ ತಂದರೂ ತಿಪ್ಪೇರುದ್ರ ಮಾವ ಕೊಟ್ಟ ಹಳೆಯ ಟಿವಿಯಲ್ಲಿ ಮೊದಲು ಇದನ್ನು ನೋಡಿಕೋ.

ಸರಿಪಡಿಸಿದ ಮೇಲೆ ಚೆನ್ನಾಗಿ ಆಡಿದೆ. ಅದರಲ್ಲಿ ಹಾಡುಗಳು ನೂರಕ್ಕೂ ಹೆಚ್ಚು, ಬಣ್ಣ ಕಣ್ಣು ಕುಕ್ಕುವಂತಿದೆ. ಆದರೆ ನಾಲ್ಕು ಸಲ ತಪ್ಪಿದರೆ ಹಾಡು ಅಲ್ಲಿಗೇ ನಿಲ್ಲುತ್ತದೆ, ಪರದೆಯೊಳಗಿನ ಜನ ಕೂಗಿ ಗೇಲಿ ಮಾಡುತ್ತಾರೆ, ಕೊನೆಗೆ ಎಲ್ಲೆಲ್ಲಿಯವರದೋ ಹೆಸರುಗಳ ಕೆಳಗೆ ನಮ್ಮ ಹೆಸರು ತೋರಿಸುತ್ತದೆ. ನಾನು ಎಂಟು ಸಾವಿರದ ಚಿಲ್ಲರೆಯ ಜಾಗದಲ್ಲಿದ್ದೆ.

ಡ್ರಮ್ ಪರೇಡ್ ಜೊತೆ ಊಟದ ತಟ್ಟೆಯಷ್ಟಗಲದ ಡ್ರಮ್ಮು, ಎರಡು ಮೋಟು ಕೋಲು ಬರುತ್ತವೆ. ಕೆಂಪು ಬಂದರೆ ನಡುವೆ, ನೀಲಿ ಬಂದರೆ ಅಂಚಿಗೆ ಹೊಡೆಯಬೇಕು. ಹಾಡುಗಳು ನಲವತ್ತೇ. ಚಿತ್ರಗಳು ಸಣ್ಣ ಮಕ್ಕಳದು, ಬಾತುಕೋಳಿಗಳು ಕುಣಿಯುತ್ತಿರುತ್ತವೆ. ಹದಿನಾಲ್ಕು ವರ್ಷದ ನಿನಗೆ ನಾಚಿಕೆಯಾಗಬಹುದು. ಡ್ರಮ್ಮು ಮೇಜಿನ ಮೇಲೆ ಜಾರುತ್ತದೆ, ಕೆಳಗೆ ಒದ್ದೆ ಬಟ್ಟೆ ಹಾಕಿಕೋ. ಇದರಲ್ಲಿ ನನ್ನ ತಪ್ಪೇ ಬೇರೆ. ಬ್ಯಾಂಡಿನಲ್ಲಿ ಎರಡು ಪೆಟ್ಟಿನ ನಡುವೆ ಖಾಲಿ ಸಿಕ್ಕರೆ ಅಲ್ಲಿ ನಾಲ್ಕಾರು ಸಣ್ಣ ಪೆಟ್ಟಿನ ಉರುಳಿಕೆ ತುಂಬಿಸುವುದು ನಮ್ಮ ಅಭ್ಯಾಸ. ಅದಕ್ಕೇ ಅಲ್ಲವೇ ಮದುಮಗನ ಕಡೆಯವರು ಮೆಚ್ಚಿ ನಮ್ಮ ಹೆಗಲ ಮೇಲೆ ಟವೆಲ್ ಹೊದಿಸುತ್ತಿದ್ದುದು. ಈ ಯಂತ್ರಕ್ಕೆ ಅದು ತಪ್ಪು. “ಅದು ಕೇಳಿದಷ್ಟೇ ಕೊಡ್ರಿ ಅಜ್ಜಾರೆ, ಮೇಲೆ ಹಾಕಾಕೆ ಹೋಗಬೇಡ್ರಿ” ಎಂದು ಅನ್ನಪೂರ್ಣ ಹೇಳುತ್ತಲೇ ಇದ್ದಳು. ಕೈ ಕೇಳಬೇಕಲ್ಲ.

ಆಮೇಲೆ ಆಕೆ, ಇದನ್ನು ಬೇರೆ ಬೇರೆ ಊರಲ್ಲಿ ಕೂತು ಇಬ್ಬರು ಜೊತೆಗೆ ಆಡಬಹುದು ಎಂದು ಹೇಳಿ, ನ್ಯಾಮತಿಯಲ್ಲಿ ಬಟ್ಟೆ ಹೊಲಿಯುವ ತನ್ನ ಅಕ್ಕ ಚೌಡಮ್ಮನಿಗೆ ಫೋನ್ ಮಾಡಿದಳು. ಆಕೆ ಹೊಲಿಗೆ ಬಿಟ್ಟು ಎದ್ದು ಬಂದು ತನ್ನ ಮನೆಯ ಡ್ರಮ್ಮಿನಿಂದಲೇ ಸೇರಿಕೊಂಡಳು. ಒಬ್ಬರು ತಪ್ಪಿದರೂ ಇನ್ನೊಬ್ಬರು ಹಿಡಿದಿದ್ದರೆ ಹಾಡು ನಿಲ್ಲುವುದಿಲ್ಲ ಧನು. ನಡುವೆ ನಾನು ಎಲ್ಲೋ ಕಳೆದುಹೋದೆ. ಅತ್ತ ಆ ಹೆಣ್ಣುಮಗಳು ಒಂದು ಪೆಟ್ಟೂ ಬಿಡದೆ ಹೊಡೆಯುತ್ತಿದ್ದಳು. ಅವಳ ಪೆಟ್ಟು ಕೇಳಿಕೊಂಡು ಮತ್ತೆ ಸೇರಿದೆ. ಅವಳ ಮುಖ ನಾನು ನೋಡಿಲ್ಲ, ಅವಳಿಗೆ ನನ್ನ ಕತೆ ಗೊತ್ತಿಲ್ಲ. ಆಪರೇಷನ್ ಆದ ಮೇಲೆ ಬ್ಯಾಂಡಿನವರು ಕರೆಯುವುದನ್ನು ಬಿಟ್ಟಿದ್ದಾರೆ. ಮಾತಿಲ್ಲದವನ ಜೊತೆ ಹೇಗೆ ಇರಬೇಕು ಎಂಬುದು ಅವರಿಗೂ ತಿಳಿಯದು. ಅಂಥದ್ದರಲ್ಲಿ ಮೂರು ನಿಮಿಷ ಇನ್ನೊಬ್ಬರ ಜೊತೆ ಹೆಜ್ಜೆ ಹಾಕಿದಂತಾಯಿತು. ಹಾಡು ಮುಗಿದಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅನ್ನಪೂರ್ಣ ಟೀ ತರಲು ಹೊರಗೆ ಹೋದಳು, ಟೀ ಕುಡಿಯುವ ಹೊತ್ತು ಅಲ್ಲದಿದ್ದರೂ.

ನನ್ನ ಮಾತು ಕೇಳುವುದಾದರೆ ಡ್ರಮ್ ಪರೇಡ್ ತಗೋ. ಆದರೆ ಇದರಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ತಿಳಿದುಕೊಂಡೇ ತೀರ್ಮಾನ ಮಾಡು. ಶನಿವಾರ ಸಂಜೆ ನಾನು ಹೊನ್ನಾಳಿಯಲ್ಲಿ ಕೂತರೆ ನೀನು ಬಿಳಿಚೋಡಿನಲ್ಲಿ ಕೂತು ಜೊತೆಗೆ ಬಾರಿಸಬಹುದು ಎಂಬ ಆಸೆ. ನಿನ್ನ ಕಣ್ಣು ಚುರುಕು, ಬೆರಳು ಚುರುಕು. ಹತ್ತಾರು ಜನರ ಜೊತೆ ಪೈಪೋಟಿಗೆ ಇಳಿಯುವ ಆಸೆ ಇದ್ದರೆ ನಿಯಾನ್ ಲೇನೇ ಸರಿ, ಅಜ್ಜನಿಗೆ ಏನೂ ಬೇಜಾರಿಲ್ಲ. ಭಾನುವಾರದೊಳಗೆ ಫೋನ್ ಮಾಡಿ ಹೇಳು, ಯಾವುದಾದರೂ ಅನ್ನಪೂರ್ಣ ತೆಗೆದಿಟ್ಟಿರುತ್ತಾಳೆ.

ಅಜ್ಜಿ ನಿನಗೆಂದು ಶೇಂಗಾ ಉಂಡೆ ಮಾಡಿದ್ದಾಳೆ, ಜಗಳೂರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾಳೆ. ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನೂ ನಿಮ್ಮಮ್ಮನನ್ನೂ ತಂಪಾಗಿ ಇಟ್ಟಿರಲಿ.

ನಿನ್ನ ಅಜ್ಜ,
ತಿಪ್ಪೇಶಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಇದನ್ನು ನಿಮ್ಮಮ್ಮ ಲಕ್ಷ್ಮೀದೇವಿಗೆ ಓದಿ ಹೇಳು. ಹೋದ ವರ್ಷ ನಿಮ್ಮಪ್ಪ ಅಮ್ಮನ ಜಗಳ ಬಗೆಹರಿಸಲು ಬಸವಾಪಟ್ಟಣದಲ್ಲಿ ಹಿರಿಯರು ಕೂತ ದಿನ ಎಲ್ಲರೂ ತಪ್ಪು ನಿಮ್ಮಮ್ಮನದೇ ಎಂದರು. ಅವಳು ನನ್ನ ಕಡೆ ತಿರುಗಿ, “ಮಾವಾ, ನಿಮಗೆ ಎಲ್ಲಾ ಗೊತ್ತೈತೆ, ನೀವಾದ್ರೂ ಹೇಳ್ರಿ” ಎಂದಳು. ನಿಮ್ಮಪ್ಪ ಅವಳ ಮೇಲೆ ಕೈ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮಗನ ಮುಖ ನೋಡಿ ತಲೆ ತಗ್ಗಿಸಿದೆ. ನಿನ್ನೆ ಅದೆಲ್ಲವನ್ನೂ ಬರೆದು, ಅಂದು ಪಂಚಾಯಿತಿ ನಡೆಸಿದ ಹನುಮಂತಪ್ಪನವರ ಕೈಗೆ ಕೊಟ್ಟು, ನಿಮ್ಮಪ್ಪ ಪರಶುರಾಮನ ಎದುರಿಗೇ ಗಟ್ಟಿಯಾಗಿ ಓದಿಸಿದೆ. ಅವನು ಆಗಿನಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಅದು ಹಾಗಿರಲಿ. ಈ ಭಾನುವಾರ ಬಿಳಿಚೋಡಿಗೆ ಬಂದು ನಿಮ್ಮಮ್ಮನ ಕ್ಷಮೆ ಕೇಳಬೇಕೆಂದಿದ್ದೇನೆ, ಬರಲೇ ಎಂದು ಅವಳನ್ನು ಕೇಳು. ಬೇಡ ಎಂದರೆ ಬರುವುದಿಲ್ಲ.