ದಿನಕ್ಕೆ ನಾಲ್ಕು ರೈಲು

ಮಾರ್ಚ್ ೧೪, ಗುರುವಾರ

ಕತ್ತರಿಯನ್ನು ಡ್ರಾಯರಿಗೆ ಹಾಕಿ ಬಂದೆ, ಈ ನಾಲಿಗೆಯನ್ನು ಎಲ್ಲಿ ಹಾಕಿಡಲಿ?

ನಮ್ಮ ಹೊಲಿಗೆ ಅಂಗಡಿಯ ಇಸ್ತ್ರಿಯವನಿಗೆ ನಾವು ಇಟ್ಟ ಹೆಸರು ‘ರೈಲು’. ಬಾಯಿ ತೆರೆದರೆ ಬಡಾಯಿ. ತಾನು ಇಸ್ತ್ರಿ ಮಾಡಿದ ಕೋಟು ತೊಟ್ಟ ಯಾವ ಮದುಮಗನೂ ಆಮೇಲೆ ಹೆಂಡತಿಯಿಂದ ಬೈಸಿಕೊಂಡಿಲ್ಲವಂತೆ! ಅದನ್ನೆಲ್ಲ ಕೇಳಿ ನಗುತ್ತಲೇ ನಮ್ಮ ಮಧ್ಯಾಹ್ನಗಳು ಕಳೆಯುತ್ತವೆ.

ಇವತ್ತು ಅವನು ಮರೆತು ಬಂದ ಕನ್ನಡಕ ಕೊಡಲು ಅವನ ಹೆಂಡತಿ ಮೊದಲ ಸಲ ಅಂಗಡಿಗೆ ಬಂದಳು. “ಇವರಿಲ್ದಿದ್ರೆ ಈ ಅಂಗಡೀನೇ ನಡಿಯಲ್ವಂತೆ, ಹೌದಾ ಅಕ್ಕ?” ಎಂದು ಕತ್ತರಿ ಹಿಡಿದಿದ್ದ ನನ್ನನ್ನು ಕೇಳಿದಳು.

ನನಗೋ ನಾಲ್ಕು ಜನರನ್ನು ನಗಿಸುವ ಚಪಲ.

“ಅಯ್ಯೋ, ಅದೆಲ್ಲ ಬುರುಡೆ ಕಣಮ್ಮ! ನಿನ್ನ ಗಂಡ ದಿನಕ್ಕೆ ನಾಲ್ಕು ರೈಲು ಬಿಡ್ತಾನೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: “ಹಾಗಾದ್ರೆ ಬಟ್ಟೆ ಕತ್ತರಿಸೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರೂ ಇಲ್ಲ ಅಂತ ದಿನಾ ಮನೇಲಿ ಹೇಳ್ತಾರಲ್ಲ, ಅದೂ ಬುರುಡೇನಾ?”

ಅವನು ತಲೆ ಬಗ್ಗಿಸಿ ಒಂದೇ ಕಾಲರಿನ ಮೇಲೆ ಇಸ್ತ್ರಿ ಉಜ್ಜುತ್ತಲೇ ಇದ್ದ. ಸಂಜೆಯವರೆಗೆ ಒಂದು ರೈಲೂ ಹೊರಡಲಿಲ್ಲ.

ಬಾಗಿಲು ಹಾಕುವಾಗ “ತಪ್ಪಾಯ್ತು ಕಣೋ” ಎಂದೆ.

“ಬಿಡಕ್ಕ, ನಂಗೇನೂ ಬೇಜಾರಿಲ್ಲ” ಎಂದ.

ಹನ್ನೊಂದು ವರ್ಷದಿಂದ ಅವನ ಮಾತು ಕೇಳುತ್ತಿದ್ದೇನೆ. ಅವನು ಬಿಟ್ಟ ಅಪ್ಪಟ ಬುರುಡೆ ಎಂದರೆ ಇದೊಂದೇ.