ಹದಿನಾಲ್ಕನೆಯ ಸಾಲು ಬರೆದವರಿಗೆ

ನೀಲವ್ವನ ಕೆರೆ,
ಏರಿ ಕಟ್ಟಿದ ಮುನ್ನೂರ ಅರವತ್ತೆರಡನೆಯ ವರ್ಷ,
ಹದಿಮೂರನೆಯ ತಿಂಗಳು, ಹುಣ್ಣಿಮೆಯ ಹಿಂದಿನ ದಿನ

ನಿಮ್ಮ ಪಂಚಾಂಗದಲ್ಲಿ ಹದಿಮೂರನೆಯ ತಿಂಗಳು ಇರಲಿಲ್ಲವೆಂದು ಬಲ್ಲೆ. ಬೇಸಿಗೆ ಬೆಳೆಯುತ್ತ ಹೋಗಿ ಹನ್ನೆರಡರೊಳಗೆ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಅದೊಂದಕ್ಕೆ ಮಾತ್ರ ಕ್ಷಮೆ ಇರಲಿ. ನೀವು ಅಣ್ಣನೋ ಅಕ್ಕನೋ ನನಗೆ ತಿಳಿಯದು. ಬರೆದದ್ದರ ಕೆಳಗೆ ಹೆಸರು ಹಾಕುವ ಸೌಜನ್ಯವನ್ನೂ ನೀವು ತೋರಿಸಿಲ್ಲ. ಆದ್ದರಿಂದ ಕುಶಲ ಕೇಳದೆ ವಿಷಯಕ್ಕೆ ಬರುತ್ತೇನೆ.

ನಾನು ಬೋರಲಿಂಗ. ಈ ಕೆರೆಯ ನೀರುಗಂಟಿ. ಅಂದರೆ ಯಾರ ಹೊಲಕ್ಕೆ ಯಾವಾಗ ನೀರು ಎಂದು ನೋಡಿಕೊಳ್ಳುವವನು. ನಮ್ಮ ಕೆರೆಗೆ ನಲವತ್ತೆರಡು ತೂಬುಗಳು, ಮನೆಗೊಂದರಂತೆ. ಪ್ರತಿ ತೂಬಿಗೂ ಆ ಮನೆಯ ಯಜಮಾನರ ಹೆಸರೇ ಹೆಸರು. ಅವುಗಳನ್ನು ಎತ್ತುವುದು ನೀವು ಏರಿಯ ಜೊತೆಯಲ್ಲೇ ಬರೆದಿಟ್ಟು ಹೋದ, ಯಂತ್ರ ಸಾಲುಸಾಲಾಗಿ ಓದಿ ನಡೆಸುವ ಶೆಲ್ ಸ್ಕ್ರಿಪ್ಟು. ನಾವು ಅದನ್ನು ಅಪ್ಪಣೆಪಟ್ಟಿ ಎನ್ನುತ್ತೇವೆ. ಇವತ್ತು ಯಾರ ಸರದಿ ಎನ್ನುವುದು ಅಪ್ಪಣೆಪಟ್ಟಿಗೆ ತಾನಾಗಿ ತಿಳಿಯದು. ಅದನ್ನು ಮುಟ್ಟಿಸುವುದು ಇನ್ನೊಂದು ಯಂತ್ರ. ನೀವು ಅದಕ್ಕೆ ಕಾನ್ಫಿಗರೇಶನ್ ಎಂದು ಶುರುವಾಗುವ ಉದ್ದನೆಯ ಹೆಸರಿಟ್ಟಿದ್ದಿರಂತೆ, ನಮಗೆ ಅದು ಹಂಚುಗ. ನನ್ನ ಅಕ್ಕ ದಿನಾ ಬೆಳಗ್ಗೆ ಸರದಿಯ ಪಟ್ಟಿಯಲ್ಲಿ ಹೆಸರು ಬರೆಯುತ್ತಾಳೆ. ಹಂಚುಗ ಆ ಹೆಸರನ್ನು ಒಂದು ಬಟ್ಟಲಿನಲ್ಲಿಟ್ಟು ಅಪ್ಪಣೆಪಟ್ಟಿಯ ಕೈಗೆ ಕೊಡುತ್ತದೆ. ನೀವು ವೇರಿಯಬಲ್ ಎನ್ನುತ್ತಿದ್ದುದು ಆ ಬಟ್ಟಲನ್ನೇ. ಅಪ್ಪಣೆಪಟ್ಟಿ ಹೆಸರು ನೋಡಿ ಆ ತೂಬನ್ನು ಎತ್ತುತ್ತದೆ. ಎತ್ತಿದ ತೂಬು ಒಂದು ಹಗಲು ಒಂದು ರಾತ್ರಿ ಮುಗಿಯುವ ತನಕ ಮುಚ್ಚುವುದಿಲ್ಲ. ನೀರು ಬಿಟ್ಟ ಹೊಲದ ಬದುವಿನಲ್ಲಿ ಅವತ್ತಿನ ಮನೆಯವರು ಹಸಿ ಅವರೆಕಾಳು ಬೇಯಿಸಿ ಎಲ್ಲರಿಗೂ ಹಂಚಬೇಕು. ಮುನ್ನೂರು ವರ್ಷದಿಂದ ನಾವು ಹೀಗೆಯೇ ಬದುಕಿದ್ದೇವೆ. ಜಗಳವಿಲ್ಲದೆ ಬದುಕಿದ್ದೇವೆ ಎಂದರೆ ಸುಳ್ಳಾದೀತು. ನೀರಿಗಾಗಿ ಜಗಳವಾಡದೆ ಬದುಕಿದ್ದೇವೆ.

ಅಕ್ಕ ಎಂದೆನಲ್ಲ, ಮಾಳಕ್ಕ, ನನ್ನ ಒಡಹುಟ್ಟಿದವಳು. ಮೂವತ್ತು ವರ್ಷದಿಂದ ಪಟ್ಟಿ ಬರೆಯುತ್ತಿದ್ದಾಳೆ. ಒಂದು ದಿನವೂ ಒಬ್ಬರ ಸರದಿ ಇನ್ನೊಬ್ಬರಿಗೆ ಹೋದದ್ದಿಲ್ಲ.

ಹೋದ ತಿಂಗಳು ನಮ್ಮ ಕೇರಿಯ ಹಿರಿಯ ಓಬಜ್ಜ ತೀರಿಕೊಂಡ. ಆ ಮನೆಯ ತೂಬಿಗೂ ಅವನದೇ ಹೆಸರು. ಸತ್ತವರ ಹೆಸರನ್ನು ಹನ್ನೊಂದು ದಿನ ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಬಾರದು ಎನ್ನುವುದು ನಮ್ಮ ಕಟ್ಟಳೆ. ಮೊದಲೆಲ್ಲ ಸಾವಾದ ಮನೆಯ ಸರದಿಯನ್ನೇ ಪಟ್ಟಿಯಿಂದ ತೆಗೆಯುತ್ತಿದ್ದರು. ಹನ್ನೊಂದು ದಿನ ಆ ಮನೆಗೆ ನೀರಿಲ್ಲ. ಆದರೆ ಓಬಜ್ಜನ ಮನೆಯ ಸರದಿ ಆ ಹನ್ನೊಂದು ದಿನದೊಳಗೇ ಬಂದಿತ್ತು, ಅವನ ಸೊಸೆ ರಾಗಿ ಪೈರು ನಾಟಿ ಎರಡೇ ದಿನವಾಗಿತ್ತು. ಮಾಳಕ್ಕ ಪಟ್ಟಿಯ ಮುಂದೆ ಬಹಳ ಹೊತ್ತು ಕೂತಳು. ಕೊನೆಗೆ ಸರದಿಯನ್ನು ಇರಗೊಟ್ಟು, ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ.

"ಖಾಲಿ ಬಿಟ್ರೆ ಆಗುತ್ತೇನಕ್ಕ?" ಎಂದೆ.

"ಆಗ್ದೆ ಏನು? ಯಾರ ಹೊಲಕ್ಕೆ ಅಂತ ಅದು ಕೇಳ್ತದೆ. ಆಗ ನಾನೇ ಹೋಗಿ ತೂಬು ತೋರಿಸ್ತೀನಿ. ಹೆಸ್ರು ಹೇಳ್ಬಾರ್ದು, ಬೆರಳು ತೋರಿಸ್ಬಾರ್ದು ಅಂತ ಎಲ್ಲೈತೆ?" ಎಂದು ನಕ್ಕಳು.

ಅವಳ ನಂಬಿಕೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ, ಕೇಳಿ. ನಮ್ಮ ಅಜ್ಜ ಹೇಳುತ್ತಿದ್ದ ಒಂದು ಕಥೆಯಿದೆ. ಯಂತ್ರಗಳಿಗಿಂತ ಹಿಂದೆ, ಕೈಯಿಂದ ತೂಬೆತ್ತುವ ಕಾಲದಲ್ಲಿ, ಯಾವುದೋ ಹಳೆಯ ಕೆರೆಗೆ ಒಬ್ಬ ನೀರುಗಂಟಿ ಇದ್ದನಂತೆ. ಅಕ್ಷರ ಬಾರದವನು, ಸಾಲದ್ದಕ್ಕೆ ಒಂದು ಕಣ್ಣು ಕಾಣದು. ಒಂದು ದಿನ ಊರಿಂದ ಆಳೊಬ್ಬ ಓಡಿ ಬಂದು "ನೀರು ಬಿಡಬೇಕಂತೆ" ಎಂದ. "ಯಾರ ಹೊಲಕ್ಕಪ್ಪಾ?" ಎಂದ ನೀರುಗಂಟಿ. ಓಡಿದ ರಭಸಕ್ಕೆ ಆಳಿಗೆ ಹೆಸರು ಮರೆತೇ ಹೋಗಿತ್ತು. ನೀರುಗಂಟಿ ತೂಬಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದ. "ನೆನಪು ಮಾಡ್ಕಂಡು ಬಾ. ಅಲ್ಲೀತಂಕ ನೀರೂ ಇಲ್ಲೇ ಇರ್ತದೆ, ನಾನೂ ಇಲ್ಲೇ ಇರ್ತೀನಿ" ಎಂದನಂತೆ. ಈ ಕಥೆಯನ್ನು ಹಾಲು ಕುಡಿಯುವ ಕೂಸಿಗೂ ಹೇಳುತ್ತೇವೆ. ಒಕ್ಕಣ್ಣಿನ ನೀರುಗಂಟಿಗೆ ಗೊತ್ತಿದ್ದುದು ಅಷ್ಟೆಲ್ಲ ಓದಿದ ನಿಮಗೆ ಗೊತ್ತಿರುತ್ತದೆ ಎಂದು ನನ್ನ ಅಕ್ಕ ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ.

ನಿಮ್ಮ ಅಪ್ಪಣೆಪಟ್ಟಿ ಕೇಳಲಿಲ್ಲ. ಅದರ ಹದಿನೈದನೆಯ ಸಾಲನ್ನು ನಾನು ಈಗ ಬಾಯಿಪಾಠವಾಗುವಷ್ಟು ಓದಿದ್ದೇನೆ. ಮೊದಲು ತೂಬುಗಳೆಲ್ಲ ಇರುವ ಜಾಗದ ಹೆಸರು, ಆಮೇಲೆ ಒಂದು ಓರೆಗೆರೆ, ಆಮೇಲೆ ಬಟ್ಟಲು. ಬಟ್ಟಲಿನಲ್ಲಿ ಹೆಸರಿದ್ದರೆ ಒಂದು ತೂಬು. ಬಟ್ಟಲು ಬರಿದಾಗಿದ್ದರೆ ಉಳಿಯುವುದು ತೂಬುಗಳೆಲ್ಲ ಇರುವ ಜಾಗ ಮಾತ್ರ. ಏನೂ ಹೇಳದಿದ್ದವಳ ಮಾತನ್ನು ಅದು ಎಲ್ಲವನ್ನೂ ಎತ್ತು ಎಂದು ತಿಳಿಯಿತು. ಬೆಳಗಿನ ರೊಟ್ಟಿ ತಟ್ಟುವ ಹೊತ್ತಿಗೆ ನಲವತ್ತೆರಡು ತೂಬುಗಳೂ ಒಟ್ಟಿಗೆ ಎದ್ದವು. ನಾನು ಓಡಿದೆ, ಊರೇ ಓಡಿತು. ಮಣ್ಣಿನ ಮೂಟೆ, ಚಾಪೆ, ಮನೆಯ ಬಾಗಿಲುಗಳನ್ನೇ ಕಿತ್ತು ತಂದು ಒಡ್ಡಿದೆವು. ಮರುದಿನ ತೂಬುಗಳು ತಾವಾಗಿ ಮುಚ್ಚಿದಾಗ ಕೆರೆಯ ನಡುವೆ ಮೊಣಕಾಲುದ್ದ ನೀರಿತ್ತು, ಅದರಲ್ಲಿ ಮೀನುಗಳು ಉಸಿರಿಗೆ ಬಾಯಿ ತೆರೆಯುತ್ತಿದ್ದವು. ಓಬಜ್ಜನ ಸೊಸೆಯ ಪೈರು ಬೇರು ಸಮೇತ ಕೊಚ್ಚಿಹೋಗಿತ್ತು. ಹದಿಮೂರನೆಯ ತಿಂಗಳನ್ನು, ಕುಡಿಯಲು ಈ ಕೆರೆಯನ್ನೇ ನಂಬಿದ ಮೂರು ಊರು ಈಗ ತಲೆಗೆ ನಾಲ್ಕು ಚೊಂಬು ನೀರಿನಲ್ಲಿ ಕಳೆಯುತ್ತಿವೆ.

ಇಷ್ಟಾದರೂ ನಾನು ನಿಮಗೆ ಬರೆಯುತ್ತಿರಲಿಲ್ಲ. ಮರೆವು ಎಲ್ಲರಿಗೂ ಉಂಟು. ನನ್ನ ಕೋಪ ಹದಿನಾಲ್ಕನೆಯ ಸಾಲಿನ ಮೇಲೆ. ಅದು ಯಂತ್ರಕ್ಕೆ ಬರೆದದ್ದಲ್ಲ. ಯಂತ್ರ ಓದದಿರಲೆಂದು ಮುಂದೆ ಒಂದು ಗುರುತು ಹಾಕಿ ಮನುಷ್ಯರಿಗಾಗಿ ಬರೆದದ್ದು. ನೀವು ಬರೆದಿದ್ದೀರಿ: "ಇದು ಎಂದೂ ಖಾಲಿ ಬರುವುದಿಲ್ಲ." ಅಂದರೆ ಖಾಲಿ ಬರಬಹುದೆಂದು ನಿಮಗೆ ಹೊಳೆದಿತ್ತು. ಹೊಳೆದ ಮೇಲೂ ಪರೀಕ್ಷೆ ಮಾಡದೆ, ಒಂದು ಭರವಸೆ ಬರೆದು ಎದ್ದು ಹೋದಿರಿ. ಯಾರ ಪರವಾಗಿ ಕೊಟ್ಟಿರಿ ಆ ಭರವಸೆಯನ್ನು? ಹಂಚುಗವನ್ನು ಬರೆದವರು ನೀವಲ್ಲ. ಪಟ್ಟಿ ಬರೆಯುವವಳನ್ನು ನೀವು ಕಂಡಿಲ್ಲ. ಅವಳ ಊರಿನಲ್ಲಿ ಸಾವಾದರೆ ಏನು ಮಾಡುತ್ತಾರೆ ಎಂದು ಕೇಳಿಲ್ಲ.

ಈಗ ಆ ಸಾಲೇ ನನ್ನ ಅಕ್ಕನ ಕೊರಳಿಗೆ ಬಂದಿದೆ. ಊರಿನ ಯಜಮಾನ ಬೈಯಣ್ಣ ಕಟ್ಟೆಯ ಮೇಲೆ ಹೇಳಿದ: "ಕೆರೆ ಕೊಟ್ಟ ಹಿರೀಕರು ಖಾಲಿ ಬರಾಕಿಲ್ಲ ಅಂತ ಬರ್ದವ್ರೆ. ಇವ್ಳು ಖಾಲಿ ತಂದವ್ಳೆ. ತಪ್ಪು ಯಾರ್ದು ಅಂತ ಇನ್ನೇನು ಕೇಳೋದು?" ಅಕ್ಕ ತಲೆ ಎತ್ತದೆ ಹೇಳಿದಳು: "ನಾನು ಕೇಳ್ತದೆ ಅನ್ಕಂಡೆ ಕಣಣ್ಣ." ಜನ ನಕ್ಕರು. ನಾಳೆ ಹುಣ್ಣಿಮೆಯ ಕೂಟದಲ್ಲಿ ತೀರ್ಮಾನ. ಕೆರೆ ಬರಿದು ಮಾಡಿದವರು ಈ ನೀರನ್ನು ಮತ್ತೆ ಮುಟ್ಟುವಂತಿಲ್ಲ. ಎಂದರೆ ಅರವತ್ತು ತುಂಬಿದ ಮಾಳಕ್ಕ ಊರು ಬಿಡಬೇಕು.

ನಾವೇ ತಿದ್ದಿಕೊಳ್ಳೋಣವೆಂದರೆ ಅಪ್ಪಣೆಪಟ್ಟಿಗೆ ನೀವು ಬೀಗ ಹಾಕಿ ಹೋಗಿದ್ದೀರಿ. ಓದಬಹುದು, ಒಂದಕ್ಷರ ಮುಟ್ಟಲಾಗದು. ಹಿಂದಿನ ಕಾಲಕ್ಕೆ ಓಲೆ ಕಳಿಸಲು ಊರಿಗೆ ತಲೆಮಾರಿಗೊಂದೇ ಅವಕಾಶ. ಅದನ್ನು ನೀರುಗಂಟಿಯ ಕೈಗೆ ಕೊಟ್ಟಿರುತ್ತಾರೆ, ಮಹಾಮಾರಿಯಂಥದ್ದು ಬಂದರೆ ಇರಲಿ ಎಂದು. ನಾನು ಯಾರನ್ನೂ ಕೇಳದೆ ನಿಮಗೆ ಬರೆಯುತ್ತಿದ್ದೇನೆ.

ಬೇಕಾಗಿರುವುದು ಇಷ್ಟೇ. ಹದಿನೈದನೆಯ ಸಾಲಿನಲ್ಲಿ ಬಟ್ಟಲಿನ ಹೆಸರಿನ ಸುತ್ತ ನೀವು ಬಾಗಿದ ಕಂಸ ಹಾಕಿದ್ದೀರಿ. ಅದರೊಳಗೆ, ಹೆಸರು ಮುಗಿದ ಕಡೆ, ಮೇಲೊಂದು ಕೆಳಗೊಂದು ಎರಡು ಚುಕ್ಕೆ, ಆಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಚುಕ್ಕೆ ಮರೆಯಬೇಡಿ, ಅವಿಲ್ಲದಿದ್ದರೆ ಬಟ್ಟಲೇ ಬರದಿದ್ದಾಗ ಮಾತ್ರ ಕೇಳುತ್ತದೆ, ಬರಿದಾದ ಬಟ್ಟಲು ಬಂದರೆ ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಇಷ್ಟು ಬರೆದರೆ ಅಪ್ಪಣೆಪಟ್ಟಿ ಅಲ್ಲಿಯೇ ನಿಲ್ಲುತ್ತದೆ, ಒಕ್ಕಣ್ಣಿನ ನೀರುಗಂಟಿ ಕಲ್ಲಿನ ಮೇಲೆ ಕೂತ ಹಾಗೆ.

ಅದಕ್ಕೂ ನಿಮಗೆ ಪುರಸೊತ್ತಿಲ್ಲದಿದ್ದರೆ ಹದಿನಾಲ್ಕನೆಯ ಸಾಲನ್ನಾದರೂ ಅಳಿಸಿ, ನಿಜವನ್ನು ಬರೆಯಿರಿ: "ಖಾಲಿ ಬಂದರೆ ಏನಾಗುತ್ತದೋ ನಾನು ನೋಡಿಲ್ಲ." ಕೆರೆ ತುಂಬುವುದಿಲ್ಲ, ಗೊತ್ತು. ಅಷ್ಟಿದ್ದರೆ ನನ್ನ ಅಕ್ಕ ಊರಿನಲ್ಲಿ ಉಳಿಯುತ್ತಾಳೆ.

ನಾಳೆ ಕೂಟದಲ್ಲಿ ಅಪ್ಪಣೆಪಟ್ಟಿಯನ್ನು ಎಲ್ಲರೆದುರು ತೆರೆಯುತ್ತಾರೆ. ಅದನ್ನು ಗಟ್ಟಿಯಾಗಿ ಓದುವುದು ನೀರುಗಂಟಿಯ ಕೆಲಸ. ಅಕ್ಕ ಎದುರಿಗೇ ಕೂತಿರುತ್ತಾಳೆ. ಹದಿಮೂರು ಸಾಲು ಓದಿ ಒಂದು ಸಲ ಉಸಿರು ತೆಗೆದುಕೊಳ್ಳುತ್ತೇನೆ. ಆಮೇಲೆ ಅಲ್ಲಿ ನೀವು ಏನು ಬರೆದಿರುತ್ತೀರೋ ಅದನ್ನೇ ಓದುತ್ತೇನೆ.

ಬೋರಲಿಂಗ