ಮನೆಯಲ್ಲಿ ಯಾರಿದ್ದಾರೆ

ಏನೇ ತಂಗಿ, ಅಕ್ಕನಿಗಿಂತ ಮೊದಲು ಸಾಯುವ ಅವಸರ ನಿನಗೇನಿತ್ತು? ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿಯುವವಳ ಹಾಗೆ ಓಡಿಬಿಟ್ಟೆ. ಈಗ ನನ್ನ ಪಾಡು ಕೇಳು.

ಇವತ್ತು ಆಸ್ಪತ್ರೆಗೆ ಹೋಗಿದ್ದೆ. ನನ್ನ ಗಂಟಲಲ್ಲಿರುವುದು ಕ್ಯಾನ್ಸರ್. ಕೊಯ್ದು ತೆಗೆದರೆ ಅದರೊಂದಿಗೆ ಮಾತೂ ಹೋಗುತ್ತದಂತೆ. ಬೇಡವೆಂದರೆ, ಇನ್ನೂ ಪರೀಕ್ಷೆಯಲ್ಲಿರುವ ಹೊಸ ಔಷಧಿಯ ಪ್ರಯೋಗಕ್ಕೆ ಸೇರಬಹುದು. ಅದು ಮೈಯೊಳಗಿನ ಕಾವಲುಗಾರರನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದಂತೆ.

“ಗುಣವಾಗತ್ತೆ ಅಂತ ಮಾತು ಕೊಡಕ್ಕಾಗಲ್ಲ ಅಜ್ಜಿ. ಒಂದೊಂದ್ಸಲ ಆ ಕಾವಲುಗಾರರು ಸ್ವಂತ ಮೈ ಮೇಲೇ ತಿರುಗಿ ಬೀಳ್ತಾರೆ,” ಎಂದಳು ಡಾಕ್ಟರಮ್ಮ.

“ಸ್ವಂತದವರ ಮೇಲೇ ಬೀಳೋದಾದ್ರೆ ನಮ್ಮ ವಂಶದವರೇ ಬಿಡಮ್ಮ,” ಎಂದೆ. ನಕ್ಕಳು.

“ಜ್ವರ, ಉಬ್ಬಸ ಕಂಡ್ರೆ ತಕ್ಷಣ ಕರ್ಕೊಂಡು ಬರಬೇಕು. ಮನೇಲಿ ಜೊತೆಗೆ ಯಾರಿದ್ದಾರೆ?”

“ತಂಗಿ ಇದ್ದಾಳೆ,” ಎಂದುಬಿಟ್ಟೆ. ನೀನು ಹೋಗಿ ವರ್ಷವಾದರೂ ನಾಲಿಗೆಗೆ ಅಭ್ಯಾಸ ತಪ್ಪಿಲ್ಲ.

“ಒಳ್ಳೇದಾಯ್ತು. ಸೇರೋದಾದ್ರೆ ಮುಂದಿನ ತಿಂಗಳು ಅವರನ್ನೂ ಕರ್ಕೊಂಡು ಬನ್ನಿ.”

ಮನೆಗೆ ಬಂದು ಬೀಗ ತೆಗೆದು, ಮಂಚದ ಮೇಲೆ ಕೂತು ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡೆ. ಕೈಯೂ ಹಣೆಯೂ ಒಂದೇ ಬಿಸಿ, ಜ್ವರವಿದೆಯೋ ಇಲ್ಲವೋ ತಿಳಿಯಲಿಲ್ಲ. ನೀನಾದರೆ ಬಾಗಿಲಲ್ಲೇ ನಿಂತು ಹೇಳುತ್ತಿದ್ದೆ. ಜೊತೆಗೆ ಬಾ ಎಂದು ಪಕ್ಕದ ಮನೆಯವಳನ್ನು ಕೇಳೋಣವೆಂದರೆ, ಹೋದ ವಾರವಷ್ಟೇ ಅವಳ ಜನ್ಮ ಜಾಲಾಡಿದ್ದೇನೆ.

ಔಷಧಿಗೆ ಸೇರಲೋ, ಕೊಯ್ಸಿಕೊಳ್ಳಲೋ? ಮಾತು ಉಳಿಸಿಕೊಂಡು ಯಾರ ಹತ್ತಿರ ಆಡಲಿ? ನನಗೆ ಎದುರು ಮಾತಾಡುವ ಧೈರ್ಯ ಇದ್ದದ್ದು ನಿನಗೊಬ್ಬಳಿಗೇ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ಬೈದಾದರೂ ಬರೆ.